ಯಾಡ್ನೋ ಅಂದಳೋ, ಈಡ್ನೇ ಅಂದಳೋ

ನಾನು ದೇವರನ್ನು ನಂಬುವವಳು. ದೆವ್ವವನ್ನು ನಂಬಿದವಳಲ್ಲ. ಯಾರಾದರೂ ಹಾಳುಬಾವಿ, ಹುಣಸೆಮರ, ಬಿಳಿಸೀರೆ ಎಂದು ಶುರು ಮಾಡಿದರೆ, ಒಲೆ ಮೇಲೆ ಹಾಲಿಟ್ಟಿದ್ದೇನೆ ಎಂದು ಎದ್ದು ಹೋಗುತ್ತಿದ್ದೆ. ಬೆಳಗ್ಗೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ದೀಪ ಹಚ್ಚುವ ಮನೆಯ ಕಡೆ ಅಂಥವು ತಲೆ ಹಾಕುವುದಿಲ್ಲ ಎಂಬುದು ನನ್ನ ಧೈರ್ಯ. ಈಗಲೂ ದೆವ್ವ ನೋಡಿದೆ ಎಂದು ನಾನು ಹೇಳುತ್ತಿಲ್ಲ. ನೋಡಿದ್ದು ಒಬ್ಬ ಮುದುಕಿಯನ್ನು, ಹಾಡುಹಗಲಲ್ಲಿ, ಊಟದ ಹೊತ್ತಿನಲ್ಲಿ. ಅವಳು ಒಂದು ಮಾತು ಹೇಳಿದಳು. ಆ ಮಾತು ಯಾವುದು ಎಂಬುದರಲ್ಲಿ ನನಗೂ ನನ್ನ ತಂಗಿಗೂ ಇವತ್ತಿಗೂ ಹೊಂದಿಕೆಯಿಲ್ಲ. ನಗುವವರು ನಗಲಿ. ಹೆಸರುಗಳನ್ನು ಬದಲಿಸಿ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ತಂಗಿ ಇಂಥವನ್ನು ಓದುವವಳಲ್ಲ, ಅದೊಂದು ಸಮಾಧಾನ.

ಮೊದಲು ತಂಗಿಯ ವಿಷಯ ಹೇಳಬೇಕು. ಅವಳನ್ನು ಸುಶೀಲ ಎಂದು ಕರೆಯೋಣ. ನನ್ನನ್ನು ಗೌರಿಬಿದನೂರಿಗೆ ಕೊಟ್ಟರು. ನಮ್ಮ ಯಜಮಾನರಿಗೆ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಕೆಲಸ. ಅವಳನ್ನು ಚಿಂತಾಮಣಿ ಕಡೆ ಕೊಟ್ಟರು. ಅವಳ ಗಂಡ ನಾರಾಯಣಸ್ವಾಮಿ ಅಂಬಾಜಿದುರ್ಗದ ಸುತ್ತಮುತ್ತಲ ಮಾವಿನ ತೋಟಗಳ ಫಸಲನ್ನು ಗುತ್ತಿಗೆ ಹಿಡಿಯುತ್ತಿದ್ದ. ಒಳ್ಳೆಯವನೇ. ಮಾತು ಕಡಿಮೆ. ನಮ್ಮ ಮನೆಗೆ ಬಂದಾಗಲೆಲ್ಲ ಬಾಗಿಲಲ್ಲಿ ಚಪ್ಪಲಿಯನ್ನು ಜೋಡಿಸಿ ಬಿಟ್ಟು, ಕಾಲು ತೊಳೆದೇ ಒಳಗೆ ಬರುತ್ತಿದ್ದ. ಒಂದು ದಿನ ಬೆಳಗ್ಗೆ ಉಪ್ಪಿಟ್ಟು ತಿಂದು, ತೋಟದ ಕಡೆ ಹೋಗಿ ಬರ್ತೀನಿ ಎಂದು ಸ್ಕೂಟರ್ ಹತ್ತಿ ಹೋದವನು ಬರಲೇ ಇಲ್ಲ. ಸ್ಕೂಟರ್ ಚಿಂತಾಮಣಿ ಬಸ್‌ ಸ್ಟ್ಯಾಂಡ್ ಹತ್ತಿರ ಸಿಕ್ಕಿತು, ಬೀಗ ಹಾಕಿದ ಹಾಗೇ. ಬಸ್ ಹತ್ತಿ ಎಲ್ಲೋ ಹೋಗಿದ್ದಾರೆ, ಮನಸ್ಸು ತಿಳಿಯಾದ ಮೇಲೆ ಬರ್ತಾರೆ ಎಂದು ಪೊಲೀಸರು ಹೇಳಿದರು. ತಿರುಪತಿಯಲ್ಲಿ ತಲೆ ಬೋಳಿಸಿಕೊಂಡು ಕೂತಿದ್ದ ಎಂದವರು ಒಬ್ಬರು. ಮದನಪಲ್ಲಿ ಮಂಡಿಯಲ್ಲಿ ಟೊಮೆಟೊ ಕ್ರೇಟು ಹೊರುತ್ತಿದ್ದ ಎಂದವರು ಇನ್ನೊಬ್ಬರು. ಎರಡೂ ಕಡೆ ಹೋಗಿ ನೋಡಿ ಬಂದೆವು. ಯಾರೂ ಇರಲಿಲ್ಲ.

ಗಂಡ ಇರುವ ಹೆಂಗಸಿನ ಜೊತೆ ಹೇಗೆ ನಡೆದುಕೊಳ್ಳಬೇಕು ಎಂದು ನಮ್ಮ ಜನಕ್ಕೆ ಗೊತ್ತು. ಗಂಡ ಸತ್ತವಳ ಜೊತೆ ಹೇಗೆ ಎಂಬುದು ಇನ್ನೂ ಚೆನ್ನಾಗಿ ಗೊತ್ತು. ಇವಳು ಎರಡೂ ಅಲ್ಲದವಳು. ಹಬ್ಬದಲ್ಲಿ, ಗೃಹಪ್ರವೇಶದಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಸಾಲಾಗಿ ಕೊಟ್ಟುಕೊಂಡು ಬರುವ ಕೈ ನನ್ನ ತಂಗಿಯ ಮುಂದೆ ಬಂದಾಗ ನಿಲ್ಲುತ್ತಿತ್ತು. ಆಮೇಲೆ ಆ ಹೆಂಗಸು ಅವಳನ್ನು ಕೇಳುತ್ತಿರಲಿಲ್ಲ, ಪಕ್ಕದಲ್ಲಿದ್ದ ನನ್ನನ್ನು ಕೇಳುತ್ತಿದ್ದಳು. "ಕೊಡ್ಲಾ?" ಅಂತ. ಮೆಲ್ಲಗೆ, ಕಣ್ಣಿನಲ್ಲೇ ಅರ್ಧ. "ಕೊಡಿ" ಎನ್ನುತ್ತಿದ್ದೆ. ಕೊಡುತ್ತಿದ್ದರು. ಆದರೆ ಕೇಳಿ ಕೊಟ್ಟ ಕುಂಕುಮ ಹಣೆಯಲ್ಲಿ ಹೇಗೆ ನಿಲ್ಲುತ್ತದೆ ಹೇಳಿ.

ಇಷ್ಟರ ಮೇಲೆ ಅವಳ ಅತ್ತೆ ಮನೆಯವರು ಒಂದು ಯೋಚನೆ ಮಾಡಿದರು. ಮೈದುನನ ಮಗಳಿಗೆ ಗಂಡು ಗೊತ್ತಾಗಿತ್ತು. ಮನೆಯ ಹಿರಿಮಗ ಇದ್ದಾನೋ ಇಲ್ಲವೋ ಎಂದೇ ತಿಳಿಯದ ಮನೆಯಲ್ಲಿ ಮದುವೆ ಹೇಗೆ ಮಾಡುವುದು ಎಂದು ಗಂಡಿನ ಕಡೆಯವರು ರಾಗ ಎಳೆದರಂತೆ. ಹನ್ನೆರಡು ವರ್ಷ ಕಾದ ಮೇಲೆ ದರ್ಭೆಯಲ್ಲಿ ಬೊಂಬೆ ಮಾಡಿ, ಅದಕ್ಕೆ ಸಂಸ್ಕಾರ ಮಾಡಿ ಮುಗಿಸಬಹುದು ಎಂದು ಪುರೋಹಿತರು ಹೇಳಿದರಂತೆ. ಬೈಪಾಸ್ ಪಕ್ಕದ ಜಮೀನು ಅವನ ಹೆಸರಿನಲ್ಲಿತ್ತು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸುಶೀಲ ಒಪ್ಪಲಿಲ್ಲ. ಆಗ ಅವಳ ಅತ್ತೆ ನಡುಮನೆಯಲ್ಲಿ ಎಲ್ಲರ ಎದುರು ಅಂದ ಮಾತು ಇದು: "ನಿನ್ನ ಹಣೇಲಿ ಕುಂಕುಮ ಇರ್ಬೇಕು ಅಂತ ನನ್ ಮೊಮ್ಮಗಳು ಕುತ್ಗೆ ಬರಿದಾಗಿ ಕೂತ್ಕೋಬೇಕೇನೇ?"

ಸಂಸ್ಕಾರವನ್ನು ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಎಂದು ಗೊತ್ತುಮಾಡಿದರು. ಒಂದು ಚೀಲ ಹಿಡಿದು ಅವಳು ನಮ್ಮ ಮನೆಗೆ ಬಂದಳು. ಅಳಲಿಲ್ಲ. ಅನ್ನದ ಮುಂದೆ ಕೂತು ಬರೀ ಕಲಸುತ್ತಿದ್ದಳು. ಒಪ್ಪಿಬಿಡಲೋ ಬೇಡವೋ ಎಂದು ನನ್ನನ್ನು ಕೇಳಿದಳು. ನನಗೆ ಏನು ಗೊತ್ತು? ದೇವರು ದಾರಿ ತೋರಿಸುತ್ತಾನೆ ಎಂದೆ. ಬೇರೆ ಮಾತು ತಿಳಿಯದಾಗ ನಾನು ಹೇಳುವುದು ಅದನ್ನೇ.

ಆ ವಾರ ನಮ್ಮ ಬೀದಿಯ ಭಜನಾ ಮಂಡಳಿಯ ಹೆಂಗಸರು ಒಂದು ದಿನದ ಪ್ರವಾಸ ಇಟ್ಟುಕೊಂಡಿದ್ದರು. ನಂದಿಯ ದರ್ಶನ, ಬೆಟ್ಟದ ಮೇಲಿನ ಬೇಸಿಗೆ ಅರಮನೆ, ಅಲ್ಲಿಂದ ಶಿಡ್ಲಘಟ್ಟದ ಮೇಲೆ ಹೋಗಿ ಅಂಬಾಜಿದುರ್ಗದ ಕಡೆ ಒಂದು ಹಳೆಯ ಪಾಳೇಗಾರರ ಅರಮನೆ ಮತ್ತು ಅದರ ಹಿಂದಿನ ರಾಣಿ ತೋಟ. ಆ ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿನವರಿಗೆ ತೊಂದರೆ ಬೇಡ. ಎಲ್ಲ ಗೊತ್ತುಮಾಡಿದವರು ನಮ್ಮ ಮಂಡಳಿಯ ವಿಮಲಮ್ಮನವರು. ತಂಗಿಗೂ ಒಂದು ಸೀಟು ಕೊಡಿ, ನಾಲ್ಕು ಜನರ ನಡುವೆ ಇದ್ದರೆ ಮನಸ್ಸು ಹಗುರವಾಗುತ್ತದೆ ಎಂದು ಕೇಳಿದೆ. ಕೊಟ್ಟರು.

ಬೆಳಗ್ಗೆ ಟೆಂಪೋ ಮಂಚೇನಹಳ್ಳಿ ದಾಟಿದ ಮೇಲೆ ವಿಮಲಮ್ಮ ಕನಕಾಂಬರದ ಮಾಲೆಯನ್ನು ತುಂಡು ಮಾಡಿ ಒಬ್ಬೊಬ್ಬರಿಗೇ ಮುಡಿಸುತ್ತಾ ಬಂದರು. ನನಗೆ ಮುಡಿಸಿದರು. ಪಕ್ಕದಲ್ಲಿ ಸುಶೀಲ. ಕೈ ನಿಂತಿತು. "ಕೊಡ್ಲಾ?" ಎಂದರು ನನಗೆ. ತಂಗಿ ಕಿಟಕಿಯಾಚೆ ನೋಡುತ್ತಾ, "ಬೇಡ ಬಿಡಿ, ತಲೆನೋವು" ಎಂದಳು. ತಲೆನೋವಿರಲಿಲ್ಲ. ಆ ಹೂವಿನ ತುಂಡು ಡ್ರೈವರ್ ಮುಂದಿನ ದೇವರ ಪಟಕ್ಕೆ ಹೋಯಿತು.

ಕೆಳಗಿನ ದೇವಸ್ಥಾನದಲ್ಲಿ ದರ್ಶನ ಚೆನ್ನಾಗಿ ಆಯಿತು. ರಶ್ ಇರಲಿಲ್ಲ, ಬಿಸಿಲೂ ಹೆಚ್ಚಿರಲಿಲ್ಲ, ಅದು ದೇವರ ದಯೆ. ಬೆಟ್ಟದ ಮೇಲಿನ ಅರಮನೆ ಬಾಗಿಲು ಹಾಕಿತ್ತು, ಹೊರಗಿನಿಂದ ನೋಡಿದೆವು. ರಾಜರು ಇಷ್ಟು ಚಿಕ್ಕ ಮನೇಲಿ ಇದ್ರಾ, ಇದಕ್ಕಿಂತ ನಮ್ಮ ಲೇಔಟಿನ ಮನೇನೇ ವಾಸಿ, ನೀರಾದ್ರೂ ಬರುತ್ತೆ ಎಂದು ವಿಮಲಮ್ಮ ಹೇಳಿ ಎಲ್ಲರನ್ನೂ ನಗಿಸಿದರು. ಉದ್ಯಾನದಲ್ಲಿ ಫೋಟೋ ತೆಗೆದುಕೊಂಡರು. ತಂಗಿ ನಾನೇ ತೆಗೆಯುತ್ತೇನೆ ಎಂದು ಎಲ್ಲರ ಫೋನು ಇಸಿದುಕೊಂಡು ತೆಗೆದಳು. ಹಾಗಾಗಿ ಯಾವ ಫೋಟೋದಲ್ಲೂ ಅವಳಿಲ್ಲ.

ಪಾಳೇಗಾರರ ಅರಮನೆಗೆ ಬಂದಾಗ ಊಟದ ಹೊತ್ತು ಮೀರಿತ್ತು. ಅರಮನೆ ಎಂದರೆ ಏನೂ ಉಳಿದಿಲ್ಲ. ಎರಡು ಕಮಾನು, ಗಾರೆ ಉದುರಿದ ಗೋಡೆ, ಮೇಲೆ ಆಕಾಶ. ಬಾಗಿಲಲ್ಲಿ ಒಬ್ಬ ಕಾವಲುಗಾರ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ನೆರಳು ನೋಡಿ ಚಾಪೆ ಹಾಸಿ ಚಿತ್ರಾನ್ನ, ಮೊಸರನ್ನ ಬಿಚ್ಚಿದೆವು. ಮೊಸರನ್ನ ಹುಳಿ ಬಂದಿರಲಿಲ್ಲ. ಸುಶೀಲ ಎರಡು ತುತ್ತು ತಿಂದು, ಕೈ ತೊಳೆಯಬೇಕು ಎಂದು ಎದ್ದಳು. ಬಾಟಲಿಯ ನೀರು ಮುಗಿದಿತ್ತು. ಒಬ್ಬಳೇ ಹೋಗುವುದು ಬೇಡ ಎಂದು ನಾನೂ ಎದ್ದೆ. ಕಮಾನಿನ ಹಿಂದೆ ಒಂದು ಕಾಲುದಾರಿ. ಅದೇ ರಾಣಿ ತೋಟವಂತೆ. ಬರೀ ಲಂಟಾನ ಮೆಳೆ, ನಡುನಡುವೆ ಸೀತಾಫಲದ ಗಿಡ.

ಮೆಳೆ ದಾಟಿದ ಮೇಲೆ ಮೆಟ್ಟಿಲಿರುವ ಒಂದು ಬಾವಿ ಇತ್ತು. ಕಲ್ಲು ಕಟ್ಟಿದ್ದು. ನೀರು ಮೇಲಿನವರೆಗೂ ಇತ್ತು, ಅಂಚಿನಲ್ಲಿ ಪಾಚಿ. ಪಕ್ಕದಲ್ಲಿ ಒಂದು ಸಂಪಿಗೆ ಮರ. ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತು ಎಲೆಯಡಿಕೆ ಅಗಿಯುತ್ತಿದ್ದಳು. ಕೆಂಪು ಸೀರೆ, ಬಣ್ಣ ಹೋಗಿತ್ತು. ಓಲೆಯ ಭಾರಕ್ಕೆ ಜೋತುಬಿದ್ದ ಕಿವಿ. ಹಣೆಯಲ್ಲಿ ಕಾಸಿನಗಲ ಕುಂಕುಮ. ಪಕ್ಕದಲ್ಲಿ ಒಂದು ಹಿತ್ತಾಳೆ ಬಟ್ಟಲು. ಊರಿನ ಯಾರೋ ಅಜ್ಜಿ, ಪೂಜೆಗೆ ಹೂವು ಕೀಳಲು ಬಂದಿದ್ದಾಳೆ ಎಂದುಕೊಂಡೆ. ಹೆದರಿಕೆ ಎಳ್ಳಷ್ಟೂ ಆಗಲಿಲ್ಲ, ನಿಜ ಹೇಳುತ್ತೇನೆ.

ಸುಶೀಲ ಮೆಟ್ಟಿಲಿಳಿದು ಕೈ ತೊಳೆದಳು. ಅವಳು ಜಾರುತ್ತಾಳೆಂದು ನಾನೂ ಒಂದು ಮೆಟ್ಟಿಲು ಇಳಿದು ಅವಳ ತೋಳು ಹಿಡಿದುಕೊಂಡೆ. ನನ್ನ ಸೀರೆಯ ಅಂಚು ನೆನೆಯಿತು. ಮೇಲೆ ಬಂದಾಗ ಮುದುಕಿ ತೆಲುಗಿನಲ್ಲಿ, "ರಾಮ್ಮಾ" ಎಂದು ತಂಗಿಯನ್ನು ಕರೆದಳು. ನಮಗೆ ತೆಲುಗು ಹೊಸದೇನಲ್ಲ. ನಮ್ಮ ತಾಯಿಯ ತೌರು ಗಡಿಯ ಆಚೆ, ಮನೆಯಲ್ಲಿ ಅರ್ಧ ಮಾತು ಅದೇ. ತಂಗಿ ಹತ್ತಿರ ಹೋಗಿ ಬಗ್ಗಿದಳು. ಮುದುಕಿ ಬಟ್ಟಲಿನಿಂದ ಕುಂಕುಮ ತೆಗೆದು ಅವಳ ಹಣೆಗೆ ಇಟ್ಟಳು, ಬೈತಲೆಗೆ ಇಟ್ಟಳು, ತಾಳಿಗೆ ಇಟ್ಟಳು. ಒಂದು ಸಂಪಿಗೆ ತೆಗೆದು ಮುಡಿಸಿದಳು. ಯಾರನ್ನೂ ಏನೂ ಕೇಳಲಿಲ್ಲ. ಎಷ್ಟೋ ವರ್ಷದ ಮೇಲೆ ಒಂದು ಕೈ ನನ್ನ ತಂಗಿಯ ಹಣೆಯ ಮುಂದೆ ನಿಲ್ಲದೆ ಹೋಗಿತ್ತು. ನನ್ನ ಕಣ್ಣು ತುಂಬಿತು. ನನಗೂ ಕೊಡುತ್ತಾಳೆಂದು ಸೆರಗು ಹೊದ್ದು ನಿಂತೆ. ಅವಳು ನನ್ನ ಕಡೆ ನೋಡಲಿಲ್ಲ. ಅಲ್ಲಿಗೆ ತಂಗಿ ಒಬ್ಬಳೇ ಬಂದಿದ್ದಾಳೆ ಎಂಬಂತೆ ಇದ್ದಳು.

ಆಗ ಸುಶೀಲ ಒಂದು ಪ್ರಶ್ನೆ ಕೇಳಿದಳು. ಇಷ್ಟು ವರ್ಷದಲ್ಲಿ ಯಾವ ಜ್ಯೋತಿಷಿಯ ಹತ್ತಿರವೂ ಹೋಗದವಳು, ಕಣಿ ಹೇಳುವವರು ಬಂದರೆ ಬಾಗಿಲು ಹಾಕುತ್ತಿದ್ದವಳು, ಆ ಗುರುತಿಲ್ಲದ ಮುದುಕಿಯನ್ನು ಕೇಳಿಬಿಟ್ಟಳು. "ಉಂಡಾರಾ, ಅವ್ವಾ?" ಇದ್ದಾರಾ ಎಂದು. ಯಾರು ಎಂದು ಹೇಳಲಿಲ್ಲ.

ಮುದುಕಿ ಎಲೆಯಡಿಕೆಯನ್ನು ದವಡೆಗೆ ಒತ್ತಿಕೊಂಡು ಉತ್ತರ ಹೇಳಿದಳು. ಎರಡೇ ಮಾತು. ಎರಡನೆಯದು "ಉಂಡಾಡು", ಇದ್ದಾನೆ ಎಂದು. ತಂಗಿ ಮರ್ಯಾದೆ ಕೊಟ್ಟು ಕೇಳಿದ್ದಳು. ಇವಳು ಮನೆಯ ಮಗುವಿನ ವಿಷಯ ಹೇಳುವ ಹಾಗೆ ಏಕವಚನದಲ್ಲಿ ಹೇಳಿದಳು. ಅದರಲ್ಲಿ ನಮ್ಮಿಬ್ಬರಿಗೂ ತಕರಾರಿಲ್ಲ. ತಕರಾರು ಮೊದಲನೆಯ ಮಾತಿನದು. ನನಗೆ ಕೇಳಿಸಿದ್ದು "ಈಡ್ನೇ". ಇಲ್ಲೇ ಎಂದು. ಈಡ್ನೇ ಉಂಡಾಡು. ಇಲ್ಲೇ ಇದ್ದಾನೆ. ಹಾಗೆ ಹೇಳುವಾಗ ಅವಳ ಕೈ ಬಾವಿಯ ಕಟ್ಟೆಯ ಮೇಲಿತ್ತು. ಅದು ಮೊದಲಿನಿಂದಲೂ ಅಲ್ಲೇ ಇತ್ತು ಎಂಬುದನ್ನೂ ಹೇಳಬೇಕು.

ಆ ಕ್ಷಣಕ್ಕೆ ನನಗೆ ಅರ್ಥವೇ ಹೊಳೆಯಲಿಲ್ಲ. ಅಷ್ಟರಲ್ಲಿ ಆ ಕಡೆಯಿಂದ ವಿಮಲಮ್ಮ ಕೂಗಿದರು, ಟೆಂಪೋ ಹೊರಡುತ್ತೆ ಎಂದು. ನಾವು ಬರ್ತೀವಿ ಅವ್ವಾ ಎಂದು ಹೇಳಿ ಬಂದೆವು. ತಂಗಿ ಮುಂದೆ, ನಾನು ಹಿಂದೆ. ಅವಳ ನಡಿಗೆಯೇ ಬೇರೆಯಾಗಿತ್ತು.

ಚಾಪೆ ಮಡಿಸುತ್ತಿದ್ದ ಹೆಂಗಸರು ಅವಳ ಹಣೆ ನೋಡಿ ಮತ್ತೆ ಚಾಪೆಗೆ ಬಗ್ಗಿದರು. ವಿಮಲಮ್ಮ ಮಾತ್ರ, "ಸಂಪಿಗೆ ಎಲ್ಲಿ ಸಿಕ್ತು ಕಣೇ? ನನಗೂ ಒಂದು ಬೇಕು" ಎಂದು ಮೆಳೆಯ ಕಡೆ ಹೋದರು. ಸ್ವಲ್ಪ ಹೊತ್ತಿಗೆ ಕಾಲು ಕುಂಟುತ್ತಾ ಬಂದರು. ಅಲ್ಲಿ ಅಜ್ಜಿಯೂ ಇಲ್ಲ, ಮರವೂ ಇಲ್ಲ, ಮುಳ್ಳು ಚುಚ್ಚಿಸಿಕೊಂಡದ್ದೇ ಬಂತು, ಒಬ್ಬರೇ ಕಿತ್ತುಕೊಂಡು ಬಂದು ಆಟ ಆಡಿಸ್ತೀರಾ ಎಂದು ಬೈದರು. ದಾರಿ ತಪ್ಪಿರಬೇಕು ಎಂದುಕೊಂಡೆ. ಆಮೇಲೆ ನನ್ನ ಸೀರೆ ನೋಡಿ, ಇಲ್ಲಿ ತೊಟ್ಟು ನೀರಿಲ್ಲ, ಎಲ್ಲಿ ನೆನೆಸಿಕೊಂಡ್ರಿ ಎಂದು ಕೇಳಿದರು. ಅಂಚಿನಲ್ಲಿ ಹಸಿರು ಪಾಚಿ ಅಂಟಿಕೊಂಡಿತ್ತು.

ವಾಪಸ್ ಬರುವಾಗ ಸುಶೀಲ ಉಳಿದಿದ್ದ ಚಿತ್ರಾನ್ನವನ್ನೆಲ್ಲ ತಿಂದಳು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ತಿಂದದ್ದು. ಶಿಡ್ಲಘಟ್ಟ ಬರುವಾಗ ನನ್ನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದಳು. "ಅಕ್ಕ, ಕೇಳಿಸ್ತಾ? ಯಾಡ್ನೋ ಉಂಡಾಡು ಅಂದ್ಳು. ಎಲ್ಲೋ ಇದ್ದಾರೆ. ನಾನು ಆ ಬೊಂಬೆ ಸುಡೋಕೆ ಒಪ್ಪಲ್ಲ."

ಯಾಡ್ನೋ ಎಂದರೆ ಎಲ್ಲೋ. ಈಡ್ನೇ ಎಂದರೆ ಇಲ್ಲೇ. ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡ ಮುದುಕಿ ಹೇಳಿದರೆ ಎರಡಕ್ಕೂ ಎಷ್ಟು ದೂರ? ನೀರು, ಕಟ್ಟೆಯ ಮೇಲಿನ ಕೈ, ಅವನು ಹಿಡಿಯುತ್ತಿದ್ದ ಮಾವಿನ ತೋಟಗಳೆಲ್ಲ ಇದೇ ಸುತ್ತಿನವು ಎಂಬುದು, ಎಲ್ಲ ಆಗ ಒಟ್ಟಿಗೆ ನನ್ನ ತಲೆಗೆ ಬಂದವು. ನಾನು ಬಾಯಿ ತಡೆಯಲಾರದೆ, ಈಡ್ನೇ ಅಂದ ಹಾಗೆ ಕೇಳಿಸ್ತಲ್ಲೇ ನನಗೆ ಎಂದೆ.

ಅವಳು ನನ್ನ ಮುಖ ನೋಡಿದಳು. ಆ ನೋಟ ನಾನು ಸಾಯುವವರೆಗೂ ಮರೆಯುವುದಿಲ್ಲ. "ನೀನೂ ಅವ್ರ ಕಡೇನಾ ಅಕ್ಕ?" ಎಂದಳು. ಅಷ್ಟೇ. ಎದ್ದು ಹಿಂದಿನ ಸೀಟಿಗೆ ಹೋಗಿ ಕೂತಳು.

ಅವಳು ಒಪ್ಪಲಿಲ್ಲ. ಅವರು ನಿಲ್ಲಿಸಲಿಲ್ಲ. ಅವಳಿಲ್ಲದೆಯೇ ದರ್ಭೆಯ ಬೊಂಬೆ ಮಾಡಿ ಸುಟ್ಟರು. ಅವನ ಫೋಟೋ ಹಾಕಿ ವೈಕುಂಠ ಸಮಾರಾಧನೆಯ ಕಾರ್ಡು ಹಂಚಿದರು. ನಮ್ಮ ಮನೆಗೂ ಒಂದು ಬಂತು, ವಾಟ್ಸಾಪಿನಲ್ಲಿ. ಅದರ ಕೆಳಗೆ ದುಃಖತಪ್ತರು ಎಂದು ಎಲ್ಲರ ಹೆಸರಿತ್ತು, ಇವಳದಿರಲಿಲ್ಲ. ಮದುವೆ ಆಯಿತು. ಜಮೀನು ಯಾರ ಹೆಸರಿಗೆ ಹೋಗಬೇಕೋ ಅವರ ಹೆಸರಿಗೆ ಹೋಯಿತು. ಗಂಡ ಸತ್ತರೂ ಕುಂಕುಮ ಇಟ್ಟುಕೊಳ್ಳುವ ಹೆಂಗಸು ನಮ್ಮ ಮನೆಯಲ್ಲಿ ಬೇಡ ಎಂದು ಅವಳ ಚೀಲಗಳನ್ನು ಜಗಲಿಗೆ ತಂದಿಟ್ಟರು. ನನ್ನ ಮನೆಯಲ್ಲಿರು ಎಂದೆ. ನಮ್ಮ ಯಜಮಾನರೂ ಬೇಡ ಎನ್ನಲಿಲ್ಲ, ಅದಕ್ಕೆ ದಿನಾ ದೇವರಿಗೆ ಕೈಮುಗಿಯುತ್ತೇನೆ. ಅವಳೇ ನಿಲ್ಲಲಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಒಂದು ಘಟಕದಲ್ಲಿ ಕೆಲಸಕ್ಕೆ ಸೇರಿ, ಒಂದು ಕೋಣೆ ಬಾಡಿಗೆ ಹಿಡಿದಳು. ಬಿಸಿನೀರಿನಲ್ಲಿ ಅವಳ ಬೆರಳುಗಳು ಬಿಳಚಿ, ತುದಿ ಸುಕ್ಕುಗಟ್ಟಿವೆ. ಆ ಬೆರಳಿನಿಂದ ದಿನಾ ಕುಂಕುಮ ಇಟ್ಟುಕೊಳ್ಳುತ್ತಾಳೆ.

ನನಗೆ ಸಮಾಧಾನವಾಗಲಿಲ್ಲ. ಅವಳಿಗೆ ಹೇಳದೆ, ಒಂದು ಭಾನುವಾರ ಯಜಮಾನರ ಜೊತೆ ಬೈಕಿನಲ್ಲಿ ಆ ಅರಮನೆಗೆ ಹೋದೆ. ಅದೇ ಕಮಾನು, ಅದೇ ಕಾಲುದಾರಿ. ಮೆಳೆ ದಾಟಿದೆವು. ಸಂಪಿಗೆ ಮರ ಇರಲಿಲ್ಲ. ಬಾವಿಯ ಕಟ್ಟೆಯ ಕಲ್ಲುಗಳು ಇದ್ದವು, ಮೇಲಿನ ಎರಡು ಮೆಟ್ಟಿಲೂ ಕಾಣುತ್ತಿದ್ದವು. ಆದರೆ ಬಾವಿ ಇರಲಿಲ್ಲ. ಆ ಮೆಟ್ಟಿಲುಗಳ ಮಟ್ಟಕ್ಕೆ ಕಲ್ಲು ಮಣ್ಣು ತುಂಬಿ ಮುಚ್ಚಿದ್ದರು. ಅದರ ನಡುವೆ ನನ್ನ ತೋಳಿನ ದಪ್ಪದ ಜಾಲಿ ಬೆಳೆದು ನಿಂತಿತ್ತು. ನಾನು ಅಲ್ಲೇ ಕುಕ್ಕರಿಸಿದೆ. ಯಜಮಾನರು ಬೇರೆ ಬಾವಿ ಇರಬೇಕು ಎಂದು ಸುತ್ತಲೂ ಹುಡುಕಿ ಬಂದರು. ಬೇರೆ ಇರಲಿಲ್ಲ.

ಕಾವಲುಗಾರನನ್ನು ಕೇಳಿದೆವು. ಅಂಥ ಅಜ್ಜಿ ಈ ಊರಲ್ಲಿ ಯಾರೂ ಇಲ್ಲ ಎಂದ. ಬಾವಿ ಮುಚ್ಚಿ ಬಹಳ ವರ್ಷವಾಯಿತು ಎಂದ. ಯಾಕೆ ಮುಚ್ಚಿದರು ಎಂದು ಕೇಳಿದವರು ಯಜಮಾನರು. ನಾನು ಕೇಳುತ್ತಿರಲಿಲ್ಲ.

"ಏನೋ ದನ ಬಿದ್ದು ಸತ್ತಿತ್ತಂತೆ ಸಾರ್. ನಾನು ಬರೋಕ್ ಮುಂಚೆ. ಬೋ ವಾಸ್ನೆ ಬಂತಂತೆ, ಊರೋರು ಟ್ರ್ಯಾಕ್ಟರಲ್ಲಿ ಕಲ್ ತಂದು ಮುಚ್ಚವ್ರೆ."

"ದನ ಯಾರ್ದು?"

"ಅದ್ಯಾರಿಗ್ ಗೊತ್ತು ಸಾರ್. ನಂದು ಅಂತ ಯಾರೂ ಬರ್ಲಿಲ್ವಂತೆ."

ಯಾವ ವರ್ಷ ಎಂದು ಕೇಳಿದರೆ ತಲೆ ಕೆರೆದುಕೊಂಡ. ಊರಿನಲ್ಲಿ ಇಬ್ಬರನ್ನು ಕೇಳಿದೆವು. ಒಬ್ಬರು ಇಪ್ಪತ್ತು ವರ್ಷ ಎಂದರು, ಇನ್ನೊಬ್ಬರು ಅಷ್ಟೇನಿಲ್ಲ ಎಂದರು. ಬೈಕಿನ ಹತ್ತಿರ ಬಂದಾಗ ಕಲ್ಲು ತೆಗೆಸೋಣ ಎಂದೆ. ಯಜಮಾನರು, ಯಾರನ್ನು ಕೇಳುವುದು, ಏನೆಂದು ಹೇಳುವುದು ಎಂದರು. ಇಲ್ಲದ ಮುದುಕಿ ಇಲ್ಲದ ನೀರಿನ ಪಕ್ಕ ಕೂತು ಹೇಳಿದಳು ಎಂದು ಯಾವ ಕಚೇರಿಯಲ್ಲಿ ಬರೆದು ಕೊಡುವುದು? ತೆಗೆಸಿ, ಮನುಷ್ಯರ ಮೂಳೆ ಸಿಕ್ಕರೆ ಸುಶೀಲಳ ಮುಖ ಯಾರು ನೋಡುವುದು? ದನದ ಮೂಳೆಯೇ ಸಿಕ್ಕರೂ ಹೋದ ಮನೆ, ಹೋದ ಹೆಸರು ಯಾರು ತಂದುಕೊಡುತ್ತಾರೆ? ಬೈಕ್ ಹತ್ತಿ ಮನೆಗೆ ಬಂದೆವು.

ನನಗೆ ದೇವರ ಮೇಲೆ ಸಿಟ್ಟು ಬಂದದ್ದು ಜೀವನದಲ್ಲಿ ಅದೊಂದೇ ಸಲ. ದಾರಿ ತೋರಿಸು ಎಂದು ಬೇಡಿದ್ದೆ. ತೋರಿಸುವುದಾದರೆ ಬಾಯಲ್ಲಿ ಎಲೆಯಡಿಕೆ ಇಲ್ಲದ ಯಾರನ್ನಾದರೂ ಕಳಿಸಬಾರದಿತ್ತೇ? ಹರಸಲು ಬಂದವಳಾದರೆ ನನ್ನ ತಂಗಿ ಬೀದಿಗೆ ಯಾಕೆ ಬಿದ್ದಳು? ಕೆಡಿಸಲು ಬಂದವಳಾದರೆ ಯಾರೂ ಕೊಡದ ಕುಂಕುಮವನ್ನು ಅಷ್ಟು ಅಕ್ಕರೆಯಿಂದ ಯಾಕೆ ಕೊಟ್ಟಳು? ಆ ಸೀರೆಯನ್ನು ಎಷ್ಟು ಒಗೆದರೂ ಅಂಚಿನ ಹಸಿರು ಪೂರ್ತಿ ಹೋಗಿಲ್ಲ. ಯಜಮಾನರು ಅದನ್ನು ನೋಡಿದ್ದಾರೆ, ವಿಮಲಮ್ಮನೂ ನೋಡಿದ್ದಾರೆ. ನನ್ನ ತಲೆ ಕೆಟ್ಟಿಲ್ಲ ಎನ್ನಲು ನನ್ನ ಹತ್ತಿರ ಇರುವುದು ಅಷ್ಟೇ.

ಬಾವಿ ಮುಚ್ಚಿರುವುದನ್ನು ಸುಶೀಲಳಿಗೆ ನಾನು ಹೇಳಿಲ್ಲ. ಶುಕ್ರವಾರ ರಜೆ ಸಿಕ್ಕಿದಾಗ ನಮ್ಮ ಮನೆಗೆ ಬರುತ್ತಾಳೆ. ಯಾಡ್ನೋ ಎಂಬ ಒಂದು ಮಾತಿನ ಮೇಲೆ ಇಷ್ಟು ವರ್ಷ ನಿಂತಿದ್ದಾಳೆ. ಮೊನ್ನೆ ಬಂದಾಗ ಅಕ್ಕಿ ಆರಿಸುತ್ತಾ ಕೂತಿದ್ದಳು. ನಾನು, ಏನಾಗುತ್ತದೋ ನೋಡೋಣ ಎಂದು, ಆ ಅವ್ವನಿಗೆ ಒಂದು ಸೀರೆ ಕೊಟ್ಟು ಬರೋಣವೇನೇ, ನಿನಗೆ ಒಳ್ಳೆ ಮಾತು ಹೇಳಿದವಳು ಎಂದೆ.

ಮೊರದ ಮೇಲೆ ಅವಳ ಕೈ ನಿಂತಿತು. ತಲೆ ಎತ್ತಲಿಲ್ಲ.

"ಆ ಬಾವಿ ಕಡೆ ಮಾತ್ರ ಬೇಡ ಅಕ್ಕ" ಎಂದಳು.

ಒಳ್ಳೆಯ ಮಾತು ಕೇಳಿದ ಜಾಗಕ್ಕೆ ಯಾರಾದರೂ ಹೀಗೆ ಹೆದರುತ್ತಾರೆಯೇ? ಅವಳಿಗೂ ಅವತ್ತು ಈಡ್ನೇ ಎಂದೇ ಕೇಳಿಸಿತ್ತೇ? ನಾನು ಕೇಳಲಿಲ್ಲ. ಕೇಳುವುದೂ ಇಲ್ಲ. ಅವಳು ಅಕ್ಕಿಯನ್ನು ಡಬ್ಬಿಗೆ ಸುರಿದು, ಮೊರ ಕೊಡವಿ ಗೋಡೆಗೆ ಒರಗಿಸಿ, ಬಸ್ಸಿಗೆ ಹೊತ್ತಾಯ್ತು ಎಂದು ದೇವರ ಮನೆಯ ಬಾಗಿಲಲ್ಲಿ ಬಂದು ನಿಂತಳು. ಬಟ್ಟಲು ತೆಗೆದುಕೊಂಡೆ. ಹಣೆಗೆ ಇಟ್ಟೆ, ಬೈತಲೆಗೆ ಇಟ್ಟೆ, ತಾಳಿಗೆ ಇಟ್ಟೆ. ಕೈ ಎಲ್ಲೂ ನಿಲ್ಲದ ಹಾಗೆ ನೋಡಿಕೊಂಡೆ.